ಗಬ್ಬೂರಿನಲ್ಲಿ ಬೋರ್ ಹೊಡೆದದ್ದು

ಪಕ್ಕದ ಸೈಟಿನಲ್ಲಿ ಇವತ್ತು ಬೋರ್‌ವೆಲ್ ಲಾರಿ ನಿಂತಿದೆ. ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದೊಡನೆ ಗಬ್ಬೂರಿನ ಆ ಮಧ್ಯಾಹ್ನ ನೆನಪಾಯಿತು.

ಬೇಸಿಗೆ ರಜೆಗೆ ರಾಯಚೂರಿನಿಂದ ಅಜ್ಜಿಯ ಮನೆಗೆ ಹೋಗಿದ್ದೆ. ಮೂರನೆಯ ದಿನ ಅವ್ವನಿಗೆ ಫೋನಿನಲ್ಲಿ, "ಇಲ್ಲಿ ಬಾಳ ಬೋರ್ ಹೊಡ್ಯಾಕತ್ತದವ್ವಾ" ಎಂದೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಎರಡು ತಾಸಿಗೆ ಸೋದರಮಾವ ಮಾನ್ವಿಯಿಂದ ಬೈಕಿನಲ್ಲಿ ಬಂದಿಳಿದ. ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ಮುಖದ ತುಂಬ ಸಿಟ್ಟು.

"ಹೊಲದಾಗ ಬೋರ್ ಹೊಡಸಾಕತ್ತೀರಂತ ಅಕ್ಕ ಫೋನ್ ಮಾಡಿ ಹೇಳಿದ್ಲು. ಹೆತ್ತ ಮಗನಿಗಿ ಒಂದು ಮಾತು ಹೇಳಬಾರದೇನು ಯವ್ವಾ? ನೀರು ಎಷ್ಟು ಬಿತ್ತು?"

ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ಯಾವ ಬೋರಲೇ?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕಂಬದ ಹಿಂದೆ ಸರಿದು, "ಬೋರ್ ಅಂದ್ರ... ಬ್ಯಾಸರ" ಎಂದೆ.

ಮಾವ ಹಣೆ ಚಚ್ಚಿಕೊಂಡ. ಅಜ್ಜಿ ನನ್ನನ್ನು ಹತ್ತಿರ ಕರೆದು, ಸುಲಿದ ಶೇಂಗಾವನ್ನೆಲ್ಲ ನನ್ನ ಬೊಗಸೆಗೆ ಸುರಿದಳು.

ಚಹಾ ಕುಡಿಯುತ್ತ ನನ್ನ ಜೊತೆ ನಾಲ್ಕು ಮಾತಾಡಿ ಮಾವ ಹೊರಟರೆ, ಎಷ್ಟು ಒದ್ದರೂ ಬೈಕು ಚಾಲೂ ಆಗಲಿಲ್ಲ. "ಮೆಕ್ಯಾನಿಕ್ ಹೇಳಿದ್ದು ಖರೇ ಆತು. ಇಂಜಿನ್ ಸವದು ಬೋರಿಗಿ ಬಂದದ, ಸಿಲಿಂಡರ್ ಕೊರಸಬೇಕು," ಎಂದು ಬೆವರೊರೆಸಿಕೊಂಡ.

ಅಜ್ಜಿ ಹೋಗಿ ಬೈಕಿನ ಸೀಟು ಸವರಿ ಮಾವನ ಕಡೆ ತಿರುಗಿದಳು.

"ಪಾಪ, ಬಿಸಿಲಾಗ ಒಂಟಿ ನಿಂತದಲ್ಲ, ಅದಕ್ಕೂ ಬ್ಯಾಸರ ಬಂದದ. ಜರಾ ಹೊತ್ತು ಅದರ ಕೂಡನೂ ಮಾತಾಡೋ ಯಪ್ಪಾ."