ಸೆಳೆತ ರಜೆ ಹಾಕಿದ ಬೆಳಗ್ಗೆ

ಗುರುತ್ವಾಕರ್ಷಣೆಯ ನಿಯಮ ಅಚ್ಚಾದ ದಿನದ ನೆನಪಿಗೆ ಭೂಮಿಯ ಸೆಳೆತ ಪ್ರತಿವರ್ಷ ಮಧ್ಯಾಹ್ನ ಹನ್ನೆರಡರವರೆಗೆ ಮುಕ್ಕಾಲು ಪಾಲು ರಜೆ ಹಾಕುತ್ತಿತ್ತು. ಬಾದಾಮಿಯಲ್ಲಿ ಮನೆ ಬದಲಿಸುವವರು ಆ ಬೆಳಗ್ಗೆಯೇ ಬೀರು, ಬೀಸುವ ಕಲ್ಲುಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಈ ಸಲ ನೀಲಗಂಗವ್ವ ತನ್ನ ಗಂಡನನ್ನೇ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಗಣಿತದ ಮಾಸ್ತರನಾಗಿದ್ದ ಚನವೀರಪ್ಪ ಲಕ್ವ ಹೊಡೆದ ಮೇಲೆ ಎರಡು ವರ್ಷದಿಂದ ಅಂಗಳ ದಾಟಿರಲಿಲ್ಲ.

"ಮಂದಿ ನೋಡ್ತಾರ, ಇಳಸು," ಎಂದು ಅವನು ನಾಚಿಕೊಂಡ.

"ನೋಡ್ಲಿ ಬಿಡ್ರಿ. ಹತ್ತಿ ಮೂಟಿಗಿಂತ ಹಗುರ ಅದೀರಿ."

ಮೂರು ಮೆಟ್ಟಿಲಿಗೊಂದು ಜಿಗಿತದಂತೆ ಆಕೆ ಕೋಟೆಯ ಗುಡ್ಡ ಹತ್ತಿ, ತುದಿಯ ಬಂಡೆಯ ಮೇಲೆ ಅವನನ್ನು ಕೂರಿಸಿದಳು. ಮೇಲಿನಿಂದ ಕೆರೆಯೂ ತಾನು ಪಾಠ ಹೇಳಿದ ಶಾಲೆಯ ಹೆಂಚೂ ಕಂಡದ್ದೇ ಚನವೀರಪ್ಪ ಹೆಂಚಿನ ಸಾಲುಗಳನ್ನು ಎಣಿಸತೊಡಗಿದ. ಇಳಿಯೋಣವೇ ಎಂದು ಹೆಂಡತಿ ಎರಡು ಸಲ ಕೇಳಿದರೂ "ಇನ್ನೊಂದೀಟು" ಎಂದ. ಅಷ್ಟರಲ್ಲಿ ಹನ್ನೆರಡರ ಸೈರನ್ ಕೂಗಿತು. ಇದ್ದಕ್ಕಿದ್ದಂತೆ ಮೈಯೆಲ್ಲ ಭಾರವಾಗಿ ಅವನು ಬಂಡೆಗೆ ಅಂಟಿಕೊಂಡ. ಆಕೆ ಎತ್ತಲು ನೋಡಿದರೆ ಅಲುಗಲೇ ಇಲ್ಲ.

"ಅಯ್ಯೋ, ಈಗೇನ್ ಮಾಡೂದು?" ಎಂದು ಅವನು ಗಾಬರಿಯಾದ.

ನೀಲಗಂಗವ್ವ ಪಕ್ಕದಲ್ಲೇ ಕಾಲು ಚಾಚಿ ಕೂತಳು. "ನಿಮಗ ಏಳೂ ಮನಸಾಗೂದಿಲ್ಲಂತ ನನಗ ಗೊತ್ತಿತ್ತು. ಸಂಜಿಗೆ ನಿಮ್ಮ ಶಿಷ್ಯರು ನಾಕು ಮಂದಿ ಬಂದು ಹೊತ್ಕೊಂಡು ಹೋಗ್ತಾರ, ಹೇಳಿಟ್ಟೇನಿ. ಅಲ್ಲೀತನಕ ಕಣ್ತುಂಬ ನೋಡ್ರಿ."