ಎತ್ತಿ ನೋಡುವ ರಾಕ್ಷಸ

ಕೋಳಿ ನೋಡಲು ಬಂದ ಡಾಕ್ಟರಮ್ಮ ಸಿನಿಮಾ ನೋಡುತ್ತ ಕೂತದ್ದು ಅತ್ತೆಗೆ ಸರಿಬರಲಿಲ್ಲ. ಅದೂ ಸುಮ್ಮನೆ ನೋಡುವುದಲ್ಲ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಪರೀಕ್ಷೆಗೆ ಕೂತವಳ ಹಾಗೆ ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸೊಸೆ.

ಹಿತ್ತಲಿನ ಗೂಡಿನಲ್ಲಿ ಹನ್ನೊಂದು ಕೋಳಿಗಳು ಮೊಟ್ಟೆ ನಿಲ್ಲಿಸಿ ತಿಂಗಳಾಗಿತ್ತು. ಸೊಸೆ ಗೂಡು ಗುಡಿಸಲು ಶುರುಮಾಡಿದ್ದೂ ತಿಂಗಳ ಹಿಂದೆಯೇ. ಇನ್ನೇನು ಬೇಕು? ಹೊಸ ಕೈ ಕಂಡು ಬೆದರಿವೆ ಎಂದು ಅತ್ತೆ. ಬೆದರಿಸಿದ್ದು ನಾನಲ್ಲ ಎಂದು ಸೊಸೆ. ಕೊನೆಗೆ ಒಂದು ಮಾತಾಯಿತು. ಡಾಕ್ಟರಮ್ಮ ಯಾರ ತಪ್ಪೆಂದು ಹೇಳುತ್ತಾಳೋ ಅವರು ಗೂಡಿನ ಬೀಗದ ಕೈ ಬಿಟ್ಟುಕೊಡಬೇಕು, ಮತ್ತೆ ಆ ಕಡೆ ತಲೆ ಹಾಕಬಾರದು. ಮೂವತ್ತು ವರ್ಷ ಕೋಳಿ ಸಾಕಿದ ಅತ್ತೆ ಹಿಂದೆಮುಂದೆ ನೋಡದೆ ಒಪ್ಪಿದ್ದಳು. ಗೂಡು ಕೈತಪ್ಪಿದರೆ ಬೆಳಗಾಗೆದ್ದು ತಾನು ಮಾಡುವುದೇನು ಎಂದು ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯ ಕಂಡಿರಲಿಲ್ಲ.

ಡಾಕ್ಟರಮ್ಮ ಮೊನ್ನೆ ಬಂದು ಗೂಡಿನಲ್ಲಿ ಬಹಳ ಹೊತ್ತು ಕಳೆದು, ಭಾನುವಾರ ಹೇಳುತ್ತೇನೆ ಎಂದು ಹೋಗಿದ್ದಳು. ಇವತ್ತು ಬಂದವಳು ನೇರವಾಗಿ ಟೀವಿಯ ಮುಂದೆ ಕೂತಳು. ಭಾನುವಾರ ಮಧ್ಯಾಹ್ನ ಸೊಸೆಯ ರಾಕ್ಷಸ ಸಿನಿಮಾಗಳ ಹೊತ್ತು. ಕಾಡಿಗೆ ಹೋದವರನ್ನೆಲ್ಲ ರಾಕ್ಷಸ ಮುಗಿಸಿದ ಮೇಲೆ ಅವರ ಕ್ಯಾಮೆರಾ ಯಾರಿಗೋ ಸಿಗುತ್ತದಂತೆ; ಅದರಲ್ಲಿ ಇದ್ದದ್ದೇ ಸಿನಿಮಾವಂತೆ. ಓಡುವವರು ಓಡಿದಂತೆ ಚಿತ್ರವೂ ಓಡುತ್ತದೆ. ಕಳೆದ ವಾರ ಅರ್ಧ ನೋಡುವಷ್ಟರಲ್ಲಿ ಅತ್ತೆಗೆ ತಲೆ ಸುತ್ತು ಬಂದಿತ್ತು.

“ಇದೂ ಅದೇ ತರದ್ದಾ?”

“ಅದೇ ತರದ್ದು ಅತ್ತೆ. ಬನ್ನಿ, ನೀವೂ ನೋಡಿ.”

ಎಷ್ಟು ಹೇಳಿದರೂ ಕನ್ನಡಕ ಮಾಡಿಸಿಕೊಳ್ಳದ ಅತ್ತೆ, ಬಾಗಿಲ ಬಳಿಯೇ ಬಟಾಣಿ ಬಿಡಿಸುತ್ತ ಕೂತಳು. ಸೊಸೆ ಸದ್ದು ಪೂರ್ತಿ ಇಳಿಸಿದ್ದಳು.

ಮಬ್ಬುಗತ್ತಲು. ಚಿತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುತ್ತಿತ್ತು. ಪಾಪ, ನಾಲ್ಕಾರು ಜೀವಗಳು ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದವು, ಮುಖ ಕಾಣಿಸುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಬೆಳಕು ನುಗ್ಗಿತು. ಬೆಳಕಿಗೆ ಅಡ್ಡವಾಗಿ ಕಂಬದಂಥ ಎರಡು ಕಾಲು. ಎಲ್ಲರೂ ದಿಕ್ಕಾಪಾಲು. ಮೇಲಿನಿಂದ ಒಂದು ಕೈ ಇಳಿಯಿತು. ಪರದೆಯ ತುಂಬ ಬೆರಳು. ಒಬ್ಬೊಬ್ಬರನ್ನೇ ಹಿಡಿದೆತ್ತಿತು, ಅಡಿಯಲ್ಲಿ ಏನೋ ತಡಕಿತು, ಕೆಳಗೆ ಬಿಟ್ಟಿತು, ಹೋಯಿತು. ಅವರು ಸುಧಾರಿಸಿಕೊಂಡು ಕೂರುವಷ್ಟರಲ್ಲಿ ಮತ್ತೆ ಬಂತು.

ಡಾಕ್ಟರಮ್ಮ ಪುಸ್ತಕದಲ್ಲಿ ಗೀಟು ಎಳೆದಳು. “ಬೆಳಗಿನಿಂದ ಒಂಬತ್ತನೇ ಸಲ,” ಎಂದಳು ಸೊಸೆಗೆ.

ನಡುವೆ ಅತ್ತೆ ಎದ್ದು ಹಿತ್ತಲ ಗೂಡಿಗೆ ಇನ್ನೊಂದು ಸುತ್ತು ಹೋಗಿ ಬರಿಗೈಲಿ ಬಂದಳು. ಟೀವಿಯಲ್ಲಿ ಇನ್ನೂ ಅದೇ ಗೋಳು.

“ತಿನ್ನೋದೂ ಇಲ್ಲ, ಬಿಡೋದೂ ಇಲ್ಲ. ಅದಕ್ಕೆ ಬೇಕಾಗಿರೋದೇನು?”

“ನಿಮಗೇನನ್ನಿಸುತ್ತೆ ಅಮ್ಮ?” ಡಾಕ್ಟರಮ್ಮ ತಿರುಗಿ ಕೂತಳು.

“ಏನಾದ್ರೂ ಇರ್ಲಿ. ಕೂತವರನ್ನ ನೆಮ್ಮದಿಯಾಗಿ ಕೂರೋಕೆ ಬಿಡಲ್ವಲ್ಲ. ಅವರ ಹೊಟ್ಟೇಲಿ ಇರೋದೂ ಕರಗಿಹೋಗುತ್ತೆ. ಅದನ್ನ ಆ ಬಾಗಿಲ ಹತ್ರ ಸೇರಿಸಬಾರದು.”

ಡಾಕ್ಟರಮ್ಮ ಅದನ್ನು ಅಕ್ಷರಅಕ್ಷರ ಬರೆದುಕೊಂಡು ಓದಿ ಹೇಳಿದಳು. ಸರಿಯಿದೆಯಾ ಎಂದು ಕೇಳಿದಳು. ಸರಿಯಿದೆ, ಬೇಕಾದರೆ ಸಹಿಯನ್ನೂ ಹಾಕುತ್ತೇನೆ ಎಂದಳು ಅತ್ತೆ. ಪುಸ್ತಕ ಮುಂದೆ ಬಂತು. ಇದೇನು ಸಿನಿಮಾಗೆಲ್ಲ ಸಹಿ ಎಂದುಕೊಳ್ಳುತ್ತಲೇ, ಕೇಳಿದವಳು ಓದಿಕೊಂಡ ಡಾಕ್ಟರಮ್ಮ ಎಂಬ ಮರ್ಯಾದೆಗೆ ಹಾಕಿದಳು. ಸೊಸೆ ಯಾಕೋ ಬಟಾಣಿ ಬುಟ್ಟಿಯ ಕಡೆ ಮುಖ ತಿರುಗಿಸಿಕೊಂಡಳು.

ಅತ್ತೆಗೆ ಇನ್ನೊಂದೇ ಚಿಂತೆ ಉಳಿದಿತ್ತು. “ಅದು ಬರೋದು ನಿಂತ್ರೆ ಇವರು ಉಳ್ಕೋತಾರಾ?”

“ಉಳ್ಕೊಳ್ಳೋದೇನಮ್ಮ, ವಾರದೊಳಗೆ ಮೊಟ್ಟೆ ಇಡ್ತಾವೆ,” ಎಂದಳು ಡಾಕ್ಟರಮ್ಮ. “ಕ್ಯಾಮೆರಾ ಕಟ್ಟಿದ್ದು ನಿಮ್ಮ ಕಪ್ಪು ಕೋಳಿಯ ಕೊರಳಿಗೆ.”