ತೊಳೆದರೂ ಹೋಗದ ಚುಕ್ಕೆ

“ಮತ್ತೆ ಅದೇ ಕೊಳೆ! ಸ್ಲೈಡ್ ತೊಳೆಯೋದು ಯಾವಾಗ ಕಲಿತೀಯಮ್ಮ?” ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಪಿಎಚ್‌ಡಿ ಗೈಡ್ ಗೊಣಗಿದರು. ಇಲಿಯ ಜೀವಕೋಶದ ಕೇಂದ್ರದಲ್ಲಿ ಎಂದಿನ ಹಸಿರು ಚುಕ್ಕೆ ಹೊಳೆಯುತ್ತಿತ್ತು.

ವರ್ಷಗಟ್ಟಲೆ ಅದನ್ನು ತೊಳೆದೂ ತೊಳೆದೂ ಸಂಶೋಧಕಿಯ ಬೆರಳುಗಳು ಬಿರಿದಿದ್ದವು. ಅವಳು ಇನ್ನೆರಡು ಸ್ಲೈಡ್ ಮುಂದಿಟ್ಟಳು. “ಇದು ಹಸೂದು ಸರ್. ಇದು ನನ್ನ ಕೆನ್ನೆ ಒಳಗಿಂದು. ಎರಡರಲ್ಲೂ ಅದೇ ಚುಕ್ಕೆ, ಅದೇ ಜಾಗ. ಕೊಳೆ ಹೀಗೆ ಜಾಗ ನೋಡ್ಕೊಂಡು ಕೂರುತ್ತಾ?”

ಗೈಡ್ ಒಂದಾದ ಮೇಲೊಂದು ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. “ಕೊಳೆಯಲ್ಲ, ಜೀವಕೋಶದ್ದೇ ಪ್ರೋಟೀನು ಕಣಮ್ಮ ಇದು,” ಎಂದರು ಕೊನೆಗೆ, ದನಿ ತಗ್ಗಿಸಿ. “ಇನ್ನೂ ಯಾರೂ ಹೆಸರಿಡದೇ ಇರೋ ಪ್ರೋಟೀನು.”

ಅಭ್ಯಾಸಬಲದಿಂದ ಅವಳ ಕೈ ಆಗಲೇ ಇಲಿಯ ಸ್ಲೈಡನ್ನೆತ್ತಿ ಸಿಂಕಿನತ್ತ ಒಯ್ದು ನಲ್ಲಿ ತಿರುಗಿಸಿತ್ತು. ಗೈಡ್ ಕುರ್ಚಿ ಬಿಟ್ಟು ಓಡಿ ಬಂದು, ನಲ್ಲಿ ನಿಲ್ಲಿಸಿದರು.